ಆಕಾಶದ ಹಾದಿ ಕಾಯುವವರು

ಶಿವಮೊಗ್ಗದ ಮಕ್ಕಳಿಗೆ ವಿಮಾನವೆಂದರೆ ಬಹುಕಾಲ ದೂರದ ವಸ್ತುವಾಗಿತ್ತು. ಮಳೆ ಹೊಳವಾದ ದಿನಗಳಲ್ಲಿ ಅಂಗಳಕ್ಕೆ ಬಂದು ನಿಂತರೆ, ಬಲು ಎತ್ತರದಲ್ಲಿ ಬಿಳಿಯ ಗೆರೆಯೆಳೆಯುತ್ತ ಎಲ್ಲಿಂದಲೋ ಎಲ್ಲಿಗೋ ಸಾಗುವ ವಿಮಾನವೊಂದು ಕಾಣಿಸುತ್ತಿತ್ತು. ಅದು ಈ ಊರಿನದಲ್ಲ, ಈ ಊರಿಗೆ ಇಳಿಯುವುದೂ ಇಲ್ಲ. 2023ರ ಫೆಬ್ರವರಿ 27ರಂದು ಸೊಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕರ ವಿಮಾನ ಅಲ್ಲಿ ಇಳಿಯಿತು. ಅಂದಿನಿಂದ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಿಗೆ ಆಕಾಶದಲ್ಲಿ ಒಂದು ಹಾದಿ ತಮ್ಮದೆಂದು ಹೇಳಿಕೊಳ್ಳಲು ಸಾಧ್ಯವಾಗಿದೆ.

ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ತಾವರೆಯ ಆಕಾರದ ಕಟ್ಟಡ. 3,200 ಮೀಟರ್ ಉದ್ದದ ರನ್‌ವೇಯ ಮಾತೂ ಜಿಲ್ಲೆಯ ಜನರ ಬಾಯಲ್ಲಿದೆ. ಆದರೆ ಅಲ್ಲಿಯೇ ಮೇಲೆದ್ದು ನಿಂತ ಗೋಪುರವನ್ನೂ, ಅದರ ತುದಿಯ ಗಾಜಿನ ಕೋಣೆಯನ್ನೂ ಗಮನಿಸಿ ನೋಡುವವರು ವಿರಳ. ಪೈಲಟ್ಟನ್ನು ಪ್ರಯಾಣಿಕರು ಬಾಗಿಲಲ್ಲಿ ಕಂಡು ಮುಗುಳ್ನಗುವುದುಂಟು, ಗಗನಸಖಿಯರ ಉಪಚಾರವನ್ನು ಮನೆಗೆ ಬಂದು ವರ್ಣಿಸುವುದೂ ಉಂಟು. ಗಾಜಿನ ಕೋಣೆಯಲ್ಲಿ ಕುಳಿತು ಆ ವಿಮಾನವನ್ನು ಇಳಿಸಿದವರ ಮುಖವನ್ನು ಯಾರೂ ಕಂಡಿರುವುದಿಲ್ಲ. ಅವರ ದನಿಯಾದರೂ ಪೈಲಟ್ಟಿನ ಕಿವಿಯಲ್ಲಿ ಹುಟ್ಟಿ ಅಲ್ಲಿಯೇ ಅಡಗಿಹೋಗುತ್ತದೆ.

ಸೊಗಾನೆಗೆ ಬರುವ ವಿಮಾನಗಳನ್ನು ಬೆರಳಿನಲ್ಲಿ ಎಣಿಸಬಹುದು. ಇಷ್ಟಕ್ಕೆ ಕಾವಲುಗಾರನೇಕೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಆ ವಿಮಾನ ಸೊಗಾನೆಯಲ್ಲೇ ಸುತ್ತುವುದಿಲ್ಲವಲ್ಲ! ಇಲ್ಲಿಂದ ಎದ್ದ ಸಣ್ಣ ವಿಮಾನ ಒಂದು ಗಂಟೆಯೊಳಗಾಗಿ ಬೆಂಗಳೂರಿನ ಆಕಾಶವನ್ನು ಹೊಕ್ಕಿರುತ್ತದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ದಿನವೊಂದಕ್ಕೆ ಏಳುನೂರಕ್ಕೂ ಹೆಚ್ಚು ವಿಮಾನಗಳು ಏರಿ ಇಳಿಯುತ್ತವೆ. 2024ರಲ್ಲಿ ಅಲ್ಲಿ ಹಾದುಹೋದ ಪ್ರಯಾಣಿಕರ ಸಂಖ್ಯೆ 4 ಕೋಟಿಯನ್ನು ದಾಟಿತು. ಮಲೆನಾಡಿನ ಕಾಲುದಾರಿಯಲ್ಲಿ ನಡೆದು ಬಂದವನು ಒಮ್ಮೆಲೇ ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಕಾಲಿಟ್ಟಂತೆ ಈ ಪ್ರಯಾಣ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಯಾರಿಗೂ ನಿಂತು ದಾರಿ ನೋಡಿಕೊಳ್ಳುವ ಅವಕಾಶವಿಲ್ಲ.

ನಲವತ್ತು ಸೆಕೆಂಡುಗಳ ದೂರ

ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಬಸ್ಸಿನಲ್ಲಿ ಕುಳಿತವರು ಒಂದು ವಾರಪತ್ರಿಕೆಯ ಕಥೆಯನ್ನು ನೆಮ್ಮದಿಯಾಗಿ ಓದಿ ಮುಗಿಸಬಹುದು. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಂಥ ಎರಡು ವಿಮಾನಗಳು ಎದುರುಬದುರಾಗಿ ಬಂದರೆ ಅವುಗಳ ನಡುವಣ ಅಂತರ ನಿಮಿಷಕ್ಕೆ 30 ಕಿಲೋಮೀಟರಿನಂತೆ ಕರಗುತ್ತದೆ. ಒಂದು ಶಿವಮೊಗ್ಗದ ಮೇಲೆಯೂ ಇನ್ನೊಂದು ಭದ್ರಾವತಿಯ ಮೇಲೆಯೂ ಇದ್ದವೆನ್ನಿ. ಅವು ಸಂಧಿಸಲು ಬೇಕಾದದ್ದು ನಲವತ್ತೇ ಸೆಕೆಂಡು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಯಂತ್ರಕರ ಕೆಲಸ ಅರ್ಥವಾಗುತ್ತದೆ. ವಿಮಾನಗಳ ನಡುವೆ ಮೇಲೆ ಕೆಳಗೆ ಕನಿಷ್ಠ 1,000 ಅಡಿ ಅಂತರವಿರಬೇಕು. ಅಷ್ಟಿಲ್ಲದಿದ್ದರೆ ರೇಡಾರ್ ಕಣ್ಣಿರುವ ಹಾದಿಗಳಲ್ಲಿ ಅಕ್ಕಪಕ್ಕಕ್ಕೋ ಹಿಂದುಮುಂದಕ್ಕೋ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಎಂದರೆ 9 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಂತರವಿರಬೇಕು. ಕೇಳುವುದಕ್ಕೆ ಧಾರಾಳವೆನಿಸುತ್ತದೆ. ಸೊಗಾನೆಯಿಂದ ಶಿವಮೊಗ್ಗ ಪೇಟೆಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಎದುರುಬದುರಾದ ಜೆಟ್ಟುಗಳ ಪಾಲಿಗೆ ಅದು ಹದಿನೆಂಟು ಸೆಕೆಂಡು.

ರೈಲಾದರೆ ಔಟರ್ ಸಿಗ್ನಲಿನಲ್ಲಿ ನಿಲ್ಲಿಸಬಹುದು. ಪ್ರಯಾಣಿಕರು ಗೊಣಗುತ್ತ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಾರೆ, ಅಷ್ಟೆ. ವಿಮಾನಕ್ಕೆ ನಿಲ್ಲುವುದೆಂಬುದೇ ಇಲ್ಲ. ಕಾಯಿಸಬೇಕಾದರೆ ಗೊತ್ತಾದ ಸ್ಥಳದಲ್ಲಿ ಮೊಟ್ಟೆಯಾಕಾರದ ಸುತ್ತು ಹಾಕಿಸಬೇಕು. ಹಲವು ವಿಮಾನಗಳು ಒಟ್ಟಿಗೆ ಬಂದರೆ ಒಂದರ ಮೇಲೊಂದರಂತೆ, ಸಾವಿರ ಸಾವಿರ ಅಡಿ ಅಂತರದಲ್ಲಿ, ಎಲ್ಲವನ್ನೂ ಸುತ್ತಿಸಬೇಕು. ಕೆಳಗಿನದು ಇಳಿದಂತೆ ಮೇಲಿನವು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಎಲ್ಲರ ಟ್ಯಾಂಕಿನಲ್ಲಿಯೂ ಎಣ್ಣೆ ಉರಿಯುತ್ತಲೇ ಇರುತ್ತದೆ.

ಇಳಿಯುವ ಸಾಲಿನಲ್ಲಿಯೂ ಎಲ್ಲವೂ ಒಂದೇ ಜಾತಿಯವಲ್ಲ. ಶಿವಮೊಗ್ಗಕ್ಕೆ ಮೊದಲು ಬಂದದ್ದು ಎಪ್ಪತ್ತೆಂಟು ಆಸನಗಳ, ಪಂಖದ ಏಟಿಆರ್ ವಿಮಾನ. ಬೆಂಗಳೂರಿನಲ್ಲಿ 2022ರಿಂದ ಎರಡಂತಸ್ತಿನ ಏರ್‌ಬಸ್ 380 ಎಂಬ ದೈತ್ಯವೂ ಇಳಿಯತೊಡಗಿತು. ಅಂಥ ದೈತ್ಯ ಹಾದುಹೋದ ಬಳಿಕ ಅದರ ರೆಕ್ಕೆಯ ತುದಿಯಿಂದ ಎದ್ದ ಗಾಳಿಯ ಸುಳಿ ಕೆಲವು ನಿಮಿಷ ಕಣ್ಣಿಗೆ ಕಾಣದಂತೆ ತಿರುಗುತ್ತಲೇ ಇರುತ್ತದೆ. ಸಣ್ಣ ವಿಮಾನ ಅದರೊಳಗೆ ಸಿಕ್ಕರೆ ಮಗ್ಗುಲಿಗೆ ಮಗುಚೀತು. ಆದ್ದರಿಂದ ಏಟಿಆರನ್ನು ದೈತ್ಯನ ಹಿಂದೆ ಬಿಡುವಾಗ 7 ನಾಟಿಕಲ್ ಮೈಲಿ ಅಂತರ ಬಿಡಬೇಕೆಂದು ನಿಯಮ. ಹಿಂದಿರುವುದು ನಿಧಾನದ್ದೋ ವೇಗದ್ದೋ, ಮುಂದಿರುವುದು ಭಾರದ್ದೋ ಹಗುರದ್ದೋ, ಗಾಳಿ ಯಾವ ಕಡೆಯಿಂದ, ರನ್‌ವೇ ಬಿಡಲು ಮೊದಲಿನದಕ್ಕೆ ಎಷ್ಟು ಹೊತ್ತು? ಇಷ್ಟನ್ನೂ ಕೂಡಿ ಕಳೆದು ಒಂದು ಮಾತು ಹೇಳುವಷ್ಟರಲ್ಲಿ ಮುಂದಿನ ವಿಮಾನ ಕರೆಯುತ್ತದೆ.

ಬಿದಿರ ಬಳೆಯಿಂದ ಕಾಗದದ ಪಟ್ಟಿಗೆ

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ನಮ್ಮ ದೇಶದ ಏಕಮಾರ್ಗದ ರೈಲುಗಳಲ್ಲಿ ಬಹುಕಾಲ ನಡೆದುಬಂದ ಟೋಕನ್ ಪದ್ಧತಿಯನ್ನು ಹಿರಿಯರು ನೆನೆಯಬಲ್ಲರು. ಸ್ಟೇಷನ್ ಮಾಸ್ತರರು ದೊಡ್ಡ ಬಳೆಯಂಥ ಹಿಡಿಕೆಯುಳ್ಳ ಚೀಲದಲ್ಲಿ ಲೋಹದ ಗುಂಡೊಂದನ್ನಿಟ್ಟು ಕಳುಹಿಸುವರು. ಇಂಜಿನ್ನಿನ ಡ್ರೈವರು ಓಡುತ್ತಿರುವ ಗಾಡಿಯಿಂದಲೇ ಕೈಚಾಚಿ ತೋಳಿಗೆ ಸಿಕ್ಕಿಸಿಕೊಳ್ಳುವನು. ಆ ಗುಂಡು ಕೈಯಲ್ಲಿಲ್ಲದೆ ಮುಂದಿನ ನಿಲ್ದಾಣಕ್ಕೆ ಗಾಡಿ ಹೊರಡುವಂತಿಲ್ಲ. ಎರಡು ನಿಲ್ದಾಣಗಳ ಯಂತ್ರಗಳೂ ಒಂದಕ್ಕೊಂದು ಬೆಸೆದಿದ್ದು, ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರದು. ಹೀಗೆ ಒಂದು ಹಾದಿಯಲ್ಲಿ ಒಂದೇ ಗಾಡಿ ಇರುತ್ತಿತ್ತು. ಹಳೆಯ ಯಂತ್ರವಾದರೂ ಎಂಥ ಸೊಗಸಾದ ಉಪಾಯ!

ಆಕಾಶದಲ್ಲಿ ಲೋಹದ ಗುಂಡನ್ನು ಕೊಡುವುದು ಹೇಗೆ? ಮಾತಿನಿಂದಲೇ ಕೊಡಬೇಕು. ಕೊಟ್ಟ ಮಾತನ್ನು ಬರೆದಿಡಬೇಕು. ವಿಮಾನವೊಂದಕ್ಕೆ ಒಂದು ಪಟ್ಟಿ. ಅದರಲ್ಲಿ ವಿಮಾನದ ಹೆಸರು, ಜಾತಿ, ಹೊರಟ ಊರು, ಸೇರುವ ಊರು, ಎತ್ತರ, ವೇಳೆ. ಎತ್ತರ ಬದಲಾಯಿಸಿದರೆ ಹಳೆಯದನ್ನು ಹೊಡೆದು ಹೊಸದನ್ನು ಬರೆಯಬೇಕು. ಬಹುಕಾಲ ಇವು ಕಾಗದದ ಪಟ್ಟಿಗಳಾಗಿ ಪ್ಲಾಸ್ಟಿಕ್ ಹಿಡಿಕೆಯಲ್ಲಿ ಕೂತು ಹಲಗೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ದೊಡ್ಡ ನಿಲ್ದಾಣಗಳಲ್ಲಿ ಆ ಸಾಲು ಗಣಕದ ಪರದೆಗೆ ಏರಿದೆ. ರನ್‌ವೇಯ ಮೇಲೆ ವಿಮಾನವಿದ್ದಾಗ ಅದರ ಪಟ್ಟಿಯೂ ರನ್‌ವೇಗೆಂದು ಮೀಸಲಾದ ಜಾಗದಲ್ಲೇ ಇರಬೇಕು. ಅದು ಅಲ್ಲಿರುವತನಕ ಇನ್ನೊಂದಕ್ಕೆ ಅಪ್ಪಣೆಯಿಲ್ಲ. ರೈಲಿನ ಗುಂಡಿನ ಉಪಾಯವೇ ಇಲ್ಲಿ ವೇಷ ಬದಲಿಸಿ ಬಂದಿದೆ.

ವಿಮಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಬಗೆಯೂ ಕುತೂಹಲಕರ. ಗೋಪುರದವರು ನೆಲದಿಂದ ಎಬ್ಬಿಸಿ, ಎತ್ತರದ ಹಾದಿ ನೋಡುವ ಪ್ರದೇಶ ನಿಯಂತ್ರಕರಿಗೆ ಒಪ್ಪಿಸುತ್ತಾರೆ. ಬೆಂಗಳೂರು ಸಮೀಪಿಸಿದಾಗ ಅಪ್ರೋಚ್ ನಿಯಂತ್ರಕರು ಅದನ್ನು ಸಾಲಿಗೆ ಸೇರಿಸುತ್ತಾರೆ. ಕೊನೆಯ ಕೆಲವು ಮೈಲಿ ಅಲ್ಲಿನ ಗೋಪುರದ್ದು. ಚಕ್ರ ನೆಲ ಮುಟ್ಟಿ ಪಕ್ಕಕ್ಕೆ ಹೊರಳಿದ ಮೇಲೆ ನೆಲದ ನಿಯಂತ್ರಕರದು. ಮದುವೆಯ ಮನೆಯಲ್ಲಿ ಹಸುಗೂಸು ಮಡಿಲಿಂದ ಮಡಿಲಿಗೆ ದಾಟುವುದನ್ನು ಓದುಗರು ಕಂಡಿರಬಹುದು. ತೆಗೆದುಕೊಳ್ಳುವವರ ಕೈ ಭದ್ರವಾಗಿ ಹಿಡಿದ ಮೇಲೆಯೇ ಕೊಡುವವರು ಕೈಬಿಡುವುದು. ಇಲ್ಲಿಯೂ ಅದೇ ಪದ್ಧತಿ. ಸ್ವೀಕರಿಸಿದೆನೆಂದು ಅತ್ತಲಿಂದ ಬರುವವರೆಗೆ ಹೊಣೆ ಇತ್ತಲಿನವರದೇ.

ಮಾತು ಮುತ್ತಲ್ಲ, ಮೊಳೆ

ಗೋಪುರದೊಳಗಿನ ಮಾತನ್ನು ಹೊರಗಿನವರು ಕೇಳಿದರೆ ಮೊದಲಿಗೆ ನೀರಸವೆನಿಸೀತು. ಏರಿಳಿತವಿಲ್ಲ, ಔಪಚಾರಿಕತೆಯಿಲ್ಲ, ಒಂದಕ್ಷರ ಹೆಚ್ಚಿಲ್ಲ. ವಿಮಾನದ ಹೆಸರು, ಅಪ್ಪಣೆ, ಅಂಕಿ. ಅತ್ತಲಿಂದ ಪೈಲಟ್ಟು ಅದೇ ಅಂಕಿಯನ್ನು ತಿರುಗಿ ಹೇಳಬೇಕು. ಅವನು ಹೇಳಿದ್ದು ಸರಿಯೇ ಎಂದು ನಿಯಂತ್ರಕ ಕಿವಿಗೊಟ್ಟು ಕೇಳಬೇಕು. ತಪ್ಪಿದ್ದರೆ ಆ ಕ್ಷಣವೇ ತಿದ್ದಬೇಕು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ ದಿನಕ್ಕೆ ನೂರಾರು ಸಲ ಈ ಒಪ್ಪಿಸುವಿಕೆ ನಡೆಯುತ್ತದೆ. ಕೇಳಿ ಕೇಳಿ ಬೇಸತ್ತ ಕಿವಿ, ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ. ನಿಜವಾಗಿ ಬಂದ ಮಾತನ್ನಲ್ಲ. ಈ ವೃತ್ತಿಯ ಕಷ್ಟವೆಲ್ಲ ಬಹುಶಃ ಇಲ್ಲಿಯೇ ಅಡಗಿದೆ.

ಟ್ರಂಕ್ ಕಾಲ್ ಕಾಲದಲ್ಲಿ ದೂರದ ಊರಿಗೆ ಮಾತನಾಡಿದವರಿಗೆ ಗೊತ್ತು, ತಂತಿಯಲ್ಲಿ 'ಮೂರು' ಎಂದದ್ದು 'ನೂರು' ಎಂದು ಕೇಳಿಸಿ ಆದ ಅವಾಂತರಗಳು! ಇಂಗ್ಲಿಷಿನ ಅಂಕಿಗಳಿಗೂ ಇದೇ ದೋಷವುಂಟು. ಆದಕಾರಣ ರೇಡಿಯೋ ಭಾಷೆಯಲ್ಲಿ ಅಂಕಿಗಳ ಉಚ್ಚಾರವನ್ನೇ ತುಸು ತಿರುಚಿ ಗೊತ್ತುಮಾಡಿದ್ದಾರೆ: ಮೂರಕ್ಕೆ 'ಟ್ರೀ', ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್'. ಅಪಾಯದ ಕರೆಯಾದ 'ಮೇಡೇ' ಕೂಡ ಹೀಗೆಯೇ ಹುಟ್ಟಿದ್ದು. 1923ರ ಸುಮಾರಿಗೆ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ಅಲ್ಲಿನ ಸಂಚಾರವೆಲ್ಲ ಹೆಚ್ಚಾಗಿ ಪ್ಯಾರಿಸ್ಸಿಗೆ. 'ನನಗೆ ನೆರವಾಗಿ' ಎಂಬರ್ಥದ ಫ್ರೆಂಚ್ ಮಾತು ಎರಡೂ ದೇಶದವರ ಕಿವಿಗೆ ಹೊಂದುವಂತೆ ಅದು ಮೇಡೇ ಆಯಿತು. ಅಮೆರಿಕದಲ್ಲಾದರೋ ಮೊದಲಿಗೆ ಮಾತೇ ಇರಲಿಲ್ಲ. 1929ರಲ್ಲಿ ಸೇಂಟ್ ಲೂಯಿಸ್ ನಗರದ ಮೈದಾನದಲ್ಲಿ ಆರ್ಚೀ ಲೀಗ್ ಎಂಬಾತ ಕೈಗಾಡಿಯಲ್ಲಿ ಕುರ್ಚಿ, ಕೊಡೆ, ಬುತ್ತಿ, ಕುಡಿಯುವ ನೀರು ಹೇರಿಕೊಂಡು ಹೋಗಿ, ಬಾವುಟ ಬೀಸಿ ವಿಮಾನಗಳಿಗೆ ಹಾದಿ ತೋರುತ್ತಿದ್ದ. ಈಗಲೂ ರೇಡಿಯೋ ಕೈಕೊಟ್ಟರೆ ಗೋಪುರದಿಂದ ಕೆಂಪು, ಹಸಿರು, ಬಿಳಿಯ ದೀಪದ ಸನ್ನೆಗಳನ್ನು ತೋರುವ ಏರ್ಪಾಡಿದೆ.

ಒಂದು ಪದದ ಬೆಲೆ ಎಷ್ಟೆಂಬುದನ್ನು ಜಗತ್ತು ಅರಿತದ್ದು 1977ರ ಮಾರ್ಚ್ 27ರಂದು. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಡಚ್ಚರ ಜಂಬೋ ವಿಮಾನವೊಂದು ರನ್‌ವೇಯ ತುದಿಯಲ್ಲಿತ್ತು. ಅಮೆರಿಕದ ಇನ್ನೊಂದು ಜಂಬೋ ಅದೇ ರನ್‌ವೇಯ ಮೇಲೆ ಇನ್ನೂ ಉರುಳುತ್ತಿತ್ತು. ಡಚ್ ವಿಮಾನದಿಂದ ಟೇಕ್-ಆಫ್ ಎಂಬ ಪದವಿದ್ದ ಅಸ್ಪಷ್ಟ ಮಾತೊಂದು ಬಂತು. ಗೋಪುರದಿಂದ 'ಓಕೆ' ಎಂದು ಆರಂಭಿಸಿ, ಕಾಯಲು ಹೇಳಿದರು. ಅದೇ ಗಳಿಗೆಗೆ ಅಮೆರಿಕದ ವಿಮಾನವೂ ಮಾತನಾಡಿದ್ದರಿಂದ ಎರಡೂ ದನಿಗಳು ಡಿಕ್ಕಿಯಾಗಿ ಕಾಕ್‌ಪಿಟ್ಟಿನಲ್ಲಿ ಕೀರಲು ಸದ್ದಷ್ಟೇ ಉಳಿಯಿತು. ಡಚ್ ವಿಮಾನ ಅಪ್ಪಣೆಯಿಲ್ಲದೆಯೇ ಓಡತೊಡಗಿತ್ತು. ಸತ್ತವರು 583 ಮಂದಿ. ಆ ಬಳಿಕ ಟೇಕ್-ಆಫ್ ಎಂಬ ಪದವನ್ನು ನಿಜವಾದ ಅಪ್ಪಣೆ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಆಡಬೇಕೆಂದು ಕಟ್ಟುಮಾಡಲಾಯಿತು. ಉಳಿದೆಲ್ಲ ಸಮಯದಲ್ಲಿ 'ಡಿಪಾರ್ಚರ್' ಎನ್ನಬೇಕು. ಇಂದು ಸೊಗಾನೆಯ ರನ್‌ವೇಯಿಂದ ಹೊರಡುವ ವಿಮಾನಕ್ಕೂ ಈ ಕಟ್ಟು ಅನ್ವಯಿಸುತ್ತದೆ.

ಬೆಂಗಳೂರಿನ ಒಂದು ಬೆಳಗು

2022ರ ಜನವರಿಯ ಒಂದು ಬೆಳಗ್ಗೆ ಕೆಂಪೇಗೌಡ ನಿಲ್ದಾಣದಲ್ಲಿ ನಡೆದ ಘಟನೆಯನ್ನು ಈ ವೃತ್ತಿಯ ಪಾಠವೆಂದೇ ಹೇಳಬೇಕು. ಅಲ್ಲಿ ಎರಡು ಸಮಾನಾಂತರ ರನ್‌ವೇಗಳಿವೆ. ಅಂದು ಉತ್ತರದ ರನ್‌ವೇಯಿಂದ ಏರುವುದು, ದಕ್ಷಿಣದ ರನ್‌ವೇಯಲ್ಲಿ ಇಳಿಯುವುದು ಎಂದು ಗೊತ್ತಾಗಿತ್ತು. ನಡುವೆ, ಒಂದೇ ರನ್‌ವೇಯಿಂದ ಎಲ್ಲವನ್ನೂ ನಡೆಸುವುದೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ಈ ತೀರ್ಮಾನ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಲಿಲ್ಲ. ಪರಿಣಾಮವಾಗಿ ಎರಡು ಗೋಪುರಗಳಿಂದ ಎರಡು ವಿಮಾನಗಳಿಗೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಏರಲು ಅಪ್ಪಣೆ ಸಿಕ್ಕಿತು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಎರಡರಲ್ಲಿಯೂ ಕೂಡಿ ನಾನೂರಕ್ಕೂ ಹೆಚ್ಚು ಜೀವಗಳು. ನೆಲಬಿಟ್ಟ ಎರಡೂ ವಿಮಾನಗಳು ಒಂದರ ಕಡೆಗೊಂದು ವಾಲತೊಡಗಿದವು.

ಅದನ್ನು ಕಂಡವರು ಅಪ್ರೋಚ್ ರೇಡಾರಿನ ಮುಂದೆ ಕುಳಿತಿದ್ದ ನಿಯಂತ್ರಕರು. ಇದು ಹೇಗಾಯಿತು, ಯಾರ ತಪ್ಪು, ಯಾರನ್ನು ಕೇಳಬೇಕು ಎಂಬ ಯಾವ ವಿಚಾರಕ್ಕೂ ಅಲ್ಲಿ ಎಡೆಯಿರಲಿಲ್ಲ. ಎರಡೂ ವಿಮಾನಗಳು ಪರಸ್ಪರ ದೂರ ಸರಿಯುವಂತೆ ದಿಕ್ಕು ಬದಲಿಸಲು ಅವರು ಅಪ್ಪಣೆ ಕೊಟ್ಟರು. ಅವು ಬೇರೆಬೇರೆ ಕಡೆಗೆ ತಿರುಗಿದವು. ಕೋಲ್ಕತ್ತಕ್ಕೆ ಹೊರಟವರು ಕೋಲ್ಕತ್ತವನ್ನು ತಲುಪಿದರು, ಭುವನೇಶ್ವರದವರು ಭುವನೇಶ್ವರವನ್ನು. ನಡೆದದ್ದೇನೆಂದು ಪ್ರಯಾಣಿಕರು ಬಹುಶಃ ಹತ್ತಾರು ದಿನಗಳ ಮೇಲೆ ವೃತ್ತಪತ್ರಿಕೆಗಳಲ್ಲಿ ಓದಿಯೇ ತಿಳಿದಿರಬೇಕು.

ಒಬ್ಬರ ಸಮಚಿತ್ತ ನಾನೂರು ಜನರನ್ನು ಉಳಿಸಿತೆಂಬುದು ಈ ಕಥೆಯ ಒಂದು ಮುಖ. ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ: ತಲುಪಬೇಕಾದ ಒಂದು ಮಾತು ತಲುಪದೆ ಹೋದದ್ದರಿಂದಲೇ ಆ ಸಮಚಿತ್ತವನ್ನು ಪರೀಕ್ಷಿಸುವ ಸಂದರ್ಭ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪಾಳಿಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿದ ಕಾಲದಿಂದ ಪಾಳಿ ಬಿಡುವವನು ಪಾಳಿಗೆ ಬರುವವನಿಗೆ ಏನು ಹೇಳಿ ಹೋದ ಎಂಬುದರ ಮೇಲೆ ಎಷ್ಟೋ ಕುಟುಂಬಗಳ ಕ್ಷೇಮ ನಿಂತಿತ್ತು. ವಿಮಾನ ನಿಯಂತ್ರಣದಲ್ಲಿಯೂ ಪಾಳಿ ಬದಲಾಗುವ ಹೊತ್ತು ಸೂಕ್ಷ್ಮವಾದದ್ದು. ಬಂದವರು ಕೂಡಲೇ ಕುರ್ಚಿ ಏರುವುದಿಲ್ಲ; ಪಕ್ಕದಲ್ಲಿದ್ದು, ಕಿವಿಗೆ ಸಾಧನ ಸಿಕ್ಕಿಸಿಕೊಂಡು, ಯಾವ ವಿಮಾನ ಎಲ್ಲಿದೆ, ಯಾರಿಗೆ ಏನು ಹೇಳಿದೆ ಎಂಬ ಚಿತ್ರವೆಲ್ಲ ತಮ್ಮ ಮನಸ್ಸಿನಲ್ಲಿ ಮೂಡಿದ ಮೇಲೆಯೇ ಹೊಣೆ ಹೊರುತ್ತಾರೆ. ಮೊದಲಿದ್ದವರು ಎದ್ದ ತಕ್ಷಣ ಹೊರಟುಬಿಡುವುದೂ ಒಳ್ಳೆಯ ಪದ್ಧತಿಯಲ್ಲ.

ಸಮಚಿತ್ತವೂ ಸಾಲದ ರಾತ್ರಿ

ಧೈರ್ಯಶಾಲಿ ನಿಯಂತ್ರಕನೊಬ್ಬ ಎಲ್ಲವನ್ನೂ ನಿಭಾಯಿಸಬಲ್ಲ ಎಂದು ನಂಬಿದರೆ ಏನಾಗುತ್ತದೆ? 2002ರ ಜುಲೈ 1ರ ರಾತ್ರಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಿಯಂತ್ರಣ ಕೇಂದ್ರದಲ್ಲಿ ಒಬ್ಬನೇ ನಿಯಂತ್ರಕ ಎರಡು ಮೇಜುಗಳನ್ನು ನೋಡಿಕೊಳ್ಳುತ್ತಿದ್ದ. ಜೊತೆಗಾರ ವಿಶ್ರಾಂತಿಗೆ ತೆರಳಿದ್ದ. ರಾತ್ರಿ ಹೀಗೆ ಮಾಡುವುದು ಅಲ್ಲಿ ರೂಢಿಯೇ ಆಗಿತ್ತು. ದುರಸ್ತಿಯ ಕಾರಣ ಮುಖ್ಯ ದೂರವಾಣಿ ನಿಂತಿತ್ತು, ರೇಡಾರ್ ವ್ಯವಸ್ಥೆಯೂ ಪೂರ್ತಿ ಶಕ್ತಿಯಲ್ಲಿರಲಿಲ್ಲ. ತಡವಾಗಿ ಬಂದ ಒಂದು ವಿಮಾನವನ್ನು ಇಳಿಸುವ ಗಡಿಬಿಡಿಯಲ್ಲಿದ್ದಾಗ, ಇನ್ನೊಂದು ಮೇಜಿನ ಪರದೆಯಲ್ಲಿ ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಸಮೀಪಿಸುತ್ತಿದ್ದವು. ಗಮನಕ್ಕೆ ಬಂದಾಗ ಒಂದು ನಿಮಿಷವೂ ಉಳಿದಿರಲಿಲ್ಲ. ರಷ್ಯದ ವಿಮಾನಕ್ಕೆ ಇಳಿಯುವಂತೆ ಆತ ಹೇಳಿದ. ಅದೇ ವಿಮಾನದ ಒಳಗಿದ್ದ ಎಚ್ಚರಿಕೆಯ ಯಂತ್ರವೋ ಏರುವಂತೆ ಹೇಳುತ್ತಿತ್ತು! ಪೈಲಟ್ಟುಗಳು ಮನುಷ್ಯನ ಮಾತನ್ನು ನಂಬಿದರು. ಜರ್ಮನಿಯ ಊಬರ್‌ಲಿಂಗೆನ್ ಊರಿನ ಮೇಲೆ 71 ಮಂದಿ ಸತ್ತರು. ಅವರಲ್ಲಿ ಬಹುಪಾಲು ರಜೆಗೆ ಹೊರಟ ಮಕ್ಕಳು.

ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ 2004ರಲ್ಲಿ ಆ ನಿಯಂತ್ರಕನನ್ನು ಅವನ ಮನೆಯ ಬಾಗಿಲಲ್ಲೇ ಕೊಂದ. ಬಳಿಕ 2007ರಲ್ಲಿ ನ್ಯಾಯಾಲಯ ದುರಂತದ ಹೊಣೆ ಹೊರಿಸಿದ್ದು ಆ ಸಂಸ್ಥೆಯ ಮೇಲಧಿಕಾರಿಗಳ ಮೇಲೆ. ಆ ರಾತ್ರಿ ಕುರ್ಚಿಯಲ್ಲಿದ್ದವನು ಅಷ್ಟು ಹೊತ್ತಿಗೆ ಮಣ್ಣು ಸೇರಿದ್ದ. ಯಂತ್ರದ ಎಚ್ಚರಿಕೆಗೂ ನಿಯಂತ್ರಕರ ಮಾತಿಗೂ ಭೇದ ಬಂದರೆ ಯಂತ್ರದ ಮಾತನ್ನೇ ನಡೆಸಬೇಕೆಂಬುದನ್ನು ಜಗತ್ತಿನಾದ್ಯಂತ ಸ್ಪಷ್ಟಪಡಿಸಿದ್ದು ಈ ಘಟನೆಯ ಮೇಲೆಯೇ.

ನಮ್ಮ ದೇಶದ ಅನುಭವವೂ ಕಡಿಮೆ ಕಹಿಯಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ತೀರಿಕೊಂಡರು. ದೆಹಲಿಯ ನಿಯಂತ್ರಕರು ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎತ್ತರವನ್ನು ಸರಿಯಾಗಿಯೇ ಹೇಳಿದ್ದರು. ಇಳಿದು ಬರುತ್ತಿದ್ದ ವಿಮಾನ ಹೇಳಿದ ಎತ್ತರದಲ್ಲಿ ನಿಲ್ಲಲಿಲ್ಲ. ಆಗ ಅಲ್ಲಿದ್ದ ರೇಡಾರ್ ವಿಮಾನದ ಎತ್ತರವನ್ನು ತೋರುವಂಥದಾಗಿರಲಿಲ್ಲ. ಏರುವ, ಇಳಿಯುವ ವಿಮಾನಗಳಿಗೆ ಒಂದೇ ಓಣಿ. ದುರಂತದ ನಂತರ ಓಣಿಗಳು ಬೇರೆಯಾದವು, ಎತ್ತರ ತೋರುವ ರೇಡಾರ್ ಬಂತು, ಭಾರತದ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಡಿಕ್ಕಿ ತಡೆಯುವ ಯಂತ್ರ ಕಡ್ಡಾಯವಾಯಿತು.

ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು 158 ಜನರನ್ನು ಬಲಿತೆಗೆದುಕೊಂಡ ದುರಂತಕ್ಕೆ ನೇರ ಕಾರಣ, ಇಳಿಯುವ ಪ್ರಯತ್ನವನ್ನು ಕ್ಯಾಪ್ಟನ್ ಸಕಾಲದಲ್ಲಿ ಕೈಬಿಡದಿದ್ದುದು ಎಂದು ವಿಚಾರಣಾ ವರದಿ ಹೇಳಿತು. ಆದರೆ ಅಲ್ಲಿನ ರೇಡಾರ್ ಎರಡು ದಿನ ಮೊದಲೇ ಕೆಟ್ಟಿದ್ದರಿಂದ ವಿಮಾನಕ್ಕೆ ಇಳಿಯಲು ಅಪ್ಪಣೆ ಕೊಟ್ಟದ್ದು ಎಂದಿಗಿಂತ ಹತ್ತಿರ ಬಂದ ಮೇಲೆ ಎಂಬುದನ್ನೂ ವರದಿ ಸಹಾಯಕ ಕಾರಣಗಳಲ್ಲಿ ಸೇರಿಸಿತು. ಶಾಂತವಾದ ದನಿಯ ಹಿಂದೆ ಕೆಡದ ಯಂತ್ರ, ನಿದ್ದೆಗೆಡದ ಕಣ್ಣು, ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಇಷ್ಟೂ ಇರಬೇಕಾಗುತ್ತದೆ. ಜಗತ್ತಿನ ಅನೇಕ ಕಡೆಗಳಲ್ಲಿ ನಿಯಂತ್ರಕರನ್ನು ಸುಮಾರು ಎರಡು ಗಂಟೆಗೊಮ್ಮೆ ಕುರ್ಚಿಯಿಂದ ಎಬ್ಬಿಸುವುದು ದಯೆಯಿಂದಲ್ಲ, ಲೆಕ್ಕಾಚಾರದಿಂದ.

ಬಿಡುವಿನ ಗೋಪುರ

ಹಾಗಾದರೆ ಸೊಗಾನೆಯಂಥ ಚಿಕ್ಕ ನಿಲ್ದಾಣದಲ್ಲಿ ಕೆಲಸ ಹಗುರವೇ? ಸಂಖ್ಯೆಯಿಂದ ನೋಡಿದರೆ ಹಗುರವೇ ಸರಿ. ಆದರೆ ಮನಸ್ಸಿಗೆ ಅದರದೇ ಒಂದು ಭಾರವಿದೆ. ಗಿಜಿಗುಟ್ಟುವ ನಿಲ್ದಾಣದಲ್ಲಿ ಮನಸ್ಸು ತಾನಾಗಿ ಚುರುಕಾಗಿರುತ್ತದೆ. ಗಂಟೆಗಟ್ಟಲೆ ಏನೂ ಬಾರದ ಮಧ್ಯಾಹ್ನದಲ್ಲಿ ಅದನ್ನು ಎಚ್ಚರವಾಗಿಡಬೇಕು. ರನ್‌ವೇಯ ಮೇಲೆ ನಾಯಿ ನುಗ್ಗಿದೆಯೇ, ಹಕ್ಕಿಗಳ ಹಿಂಡು ಕೂತಿದೆಯೇ, ಹುಲ್ಲು ಕೊಯ್ಯುವವರ ವಾಹನ ಹೊರಬಂದಿದೆಯೇ ಎಂದು ಪ್ರತಿ ಸಲವೂ ಮೊದಲ ಸಲದಂತೆ ದುರ್ಬೀನು ಹಿಡಿದು ನೋಡಬೇಕು. ನಿನ್ನೆ ಇರಲಿಲ್ಲವೆಂಬುದು ಇಂದಿಗೆ ಸಾಕ್ಷಿಯಲ್ಲ.

ಮೇಲಾಗಿ ಇದು ಮಲೆನಾಡಿನ ಬಾಗಿಲು. ಮಳೆಗಾಲದಲ್ಲಿ ಮೋಡ ಕೆಳಗಿಳಿದು ಕೂರುತ್ತದೆ. ಚಳಿಗಾಲದ ಬೆಳಗುಗಳಲ್ಲಿ ಮಂಜು. ಕಾಣುವ ದೂರ ನಿಗದಿಗಿಂತ ಕಡಿಮೆಯಾದರೆ ವಿಮಾನ ಇಳಿಯುವಂತಿಲ್ಲ. ಆಗ ಗೋಪುರದಿಂದ ಹೋಗುವುದು ಗಾಳಿಯ ದಿಕ್ಕು, ಮೋಡದ ಎತ್ತರ, ಕಾಣುವ ದೂರ ಇಷ್ಟೇ. ಇಳಿಯಬೇಕೋ ಬೇಡವೋ ಎಂಬ ಕೊನೆಯ ನಿರ್ಧಾರ ಪೈಲಟ್ಟಿನದು. ಶಿವಮೊಗ್ಗಕ್ಕೆಂದು ಹೊರಟ ವಿಮಾನ ಇಳಿಯಲಾಗದೆ ಬೇರೆಡೆಗೆ ತಿರುಗಿದ್ದುಂಟು. ಮದುವೆಗೋ ಆಸ್ಪತ್ರೆಗೋ ಹೊರಟವರಿಗೆ ಅದು ಅಸಮಾಧಾನ ತರುವುದು ಸಹಜ. ಆದರೆ 'ಸ್ವಲ್ಪ ಕಾಣುತ್ತದೆ, ಬನ್ನಿ' ಎಂದು ಗೋಪುರದಿಂದ ಯಾರೂ ಹೇಳದಿರುವುದು ಪ್ರಯಾಣಿಕರ ಭಾಗ್ಯವೆಂದೇ ತಿಳಿಯಬೇಕು. ಇಲ್ಲದ ಬೆಳಕನ್ನು ಇದೆಯೆಂದು ಹೇಳುವ ಉಪಕಾರಬುದ್ಧಿಗೆ ಈ ವೃತ್ತಿಯಲ್ಲಿ ಜಾಗವಿಲ್ಲ.

ಈ ಕುರ್ಚಿಗೆ ಬರುವವರು

ನಮ್ಮ ದೇಶದ ನಾಗರಿಕ ವಿಮಾನ ಸಂಚಾರದ ನಿಯಂತ್ರಣ 1995ರಲ್ಲಿ ರೂಪುಗೊಂಡ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿದೆ. ಭೌತಶಾಸ್ತ್ರ, ಗಣಿತಗಳೊಡನೆ ಬಿ.ಎಸ್ಸಿ. ಮಾಡಿದವರು ಅಥವಾ ಇಂಜಿನಿಯರಿಂಗ್ ಪದವೀಧರರು ಅದರ ಪರೀಕ್ಷೆಗೆ ಕೂರಬಹುದು. ಸಾಮಾನ್ಯ ವಯೋಮಿತಿ 27. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಓದಿದವರಿಗೂ ಈ ದಾರಿ ತೆರೆದಿದೆ. ಲಿಖಿತ ಪರೀಕ್ಷೆಯಲ್ಲಿ ಗೆದ್ದವರಿಗೆ ಧ್ವನಿ ಪರೀಕ್ಷೆಯೂ ಉಂಟು ಎಂದರೆ ಅನೇಕರಿಗೆ ಸೋಜಿಗವಾದೀತು. ಇಂಪಾದ ಕಂಠ ಬೇಕಿಲ್ಲ. ಸ್ಪಷ್ಟವಾಗಿದ್ದು, ಅವಸರದಲ್ಲಿಯೂ ಅಕ್ಷರ ನುಂಗದಿದ್ದರೆ ಸಾಕು. ಹೆಣ್ಣುಮಕ್ಕಳು ಈ ವೃತ್ತಿಯಲ್ಲಿ ಕಡಿಮೆಯೇನಲ್ಲ.

ತರಬೇತಿ ಪ್ರಯಾಗರಾಜ್, ಹೈದರಾಬಾದುಗಳಂಥ ಕಡೆ. ಮೊದಲು ಪಾಠ, ಬಳಿಕ ನಕಲಿ ಆಕಾಶ. ಪರದೆಯ ಮೇಲೆ ಇಲ್ಲದ ವಿಮಾನಗಳನ್ನು ಹುಟ್ಟಿಸಿ, ಒಂದಾದ ಮೇಲೊಂದು ವಿಪತ್ತನ್ನು ಸೃಷ್ಟಿಸಿ ಗುರುಗಳು ಶಿಷ್ಯರನ್ನು ಬೆವರಿಳಿಸುತ್ತಾರೆ: ಒಬ್ಬ ಪೈಲಟ್ಟಿಗೆ ಕಿವಿ ಕೇಳಿಸದು, ಇನ್ನೊಬ್ಬನ ಇಂಜಿನ್ ನಿಂತಿದೆ, ಮೂರನೆಯವನು ತಪ್ಪು ಎತ್ತರವನ್ನು ತಿರುಗಿ ಹೇಳಿದ. ಮೊದಲೆರಡರ ಗದ್ದಲದಲ್ಲಿ ಮೂರನೆಯವನ ತಪ್ಪು ಕಿವಿಗೆ ಬೀಳಲಿಲ್ಲವೆಂದರೆ ಪಾಠ ಮತ್ತೆ ಮೊದಲಿನಿಂದ. ಹೀಗೆ ನೂರು ಸಲ ಸೋತ ಮೇಲೆ ದನಿಯಿಂದ ಗಾಬರಿ ತಾನಾಗಿ ಕಳಚಿಬೀಳುತ್ತದೆ. ಹುಟ್ಟಿನಿಂದ ಬಂದ ಧೈರ್ಯಕ್ಕಿಂತ ಈ ರೂಢಿಯ ಧೈರ್ಯವನ್ನೇ ಅವರು ಹೆಚ್ಚು ನಂಬುತ್ತಾರೆ.

ನೌಕರಿ ಸಿಕ್ಕಿದರೂ ಕೂಡಲೇ ಮೈಕು ಸಿಗುವುದಿಲ್ಲ. ನೇಮಕವಾದ ನಿಲ್ದಾಣದಲ್ಲಿ ಹಿರಿಯರ ಕಣ್ಣೆದುರಿಗೆ ತಿಂಗಳುಗಟ್ಟಲೆ ಕುಳಿತು, ಆ ಊರಿನ ಗುಡ್ಡಗಳೆಷ್ಟು ಎತ್ತರ, ಗಾಳಿ ಯಾವ ತಿಂಗಳಲ್ಲಿ ಎತ್ತಲಿಂದ, ಅಕ್ಕಪಕ್ಕದ ನಿಲ್ದಾಣಗಳೊಡನೆ ಒಪ್ಪಂದವೇನು ಎಂಬುದನ್ನೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಅರ್ಹತೆ ಆ ನಿಲ್ದಾಣದ ಆ ಕುರ್ಚಿಗೆ ಮಾತ್ರ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ನೂರಾರು ವಿಮಾನಗಳನ್ನು ನಡೆಸಿದವರು ನಾಳೆ ವರ್ಗವಾಗಿ ಒಂದು ಸಣ್ಣ ನಿಲ್ದಾಣಕ್ಕೆ ಬಂದರೂ, ದಿನಕ್ಕೆ ನಾಲ್ಕೋ ಐದೋ ವಿಮಾನ ಬರುವ ಆ ಗೋಪುರದಲ್ಲಿ ವಿದ್ಯಾರ್ಥಿಯಂತೆ ಕುಳಿತು, ಅಲ್ಲಿನ ನಕ್ಷೆ ಬರೆದು, ಮೌಖಿಕ ಪರೀಕ್ಷೆ ಕೊಟ್ಟು, ಸಹಿ ಪಡೆದ ಮೇಲೆಯೇ ಒಬ್ಬರೇ ಮೈಕು ಹಿಡಿಯಬಹುದು.